ನಾನು ಮುಚ್ಚಿದ ಮಗ್ಗದ ಕುಣಿ

ನಾನು ಧೈರ್ಯವಂತನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಈಗಲೂ ಕೆಲವರು, ಅಪ್ಪ ಸತ್ತು ತಿಂಗಳು ತುಂಬುವುದರೊಳಗೆ ಮಗ್ಗ ಹಿಡಿದ ಗಟ್ಟಿ ಹುಡುಗ ಎಂದು ನನ್ನ ಹೆಸರು ಹೇಳುತ್ತಾರೆ. ಆ ತಿಂಗಳಲ್ಲಿ ನಾನು ಏನೇನು ಮಾಡಿದೆ ಎಂಬುದು ಅವ್ವನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಅವ್ವ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಈಗ ಅವಳಿಲ್ಲ. ಸುಳ್ಳು ಹೊಗಳಿಕೆಯನ್ನು ಹೊತ್ತು ತಿರುಗಿ ನನಗೂ ಸಾಕಾಗಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಇಪ್ಪತ್ತಮೂರು. ನಮ್ಮದು ಕುಣಿ ಮಗ್ಗದ ಮನೆ. ಪಡಸಾಲೆಯ ಒಂದು ಬದಿಗೆ ನೆಲ ಅಗಿದು, ಮೊಳಕಾಲಿಗಿಂತ ತುಸು ಆಳವಾದ ಕುಣಿ ತೆಗೆದಿರುತ್ತಾರೆ. ನೇಕಾರ ಅದರ ದಂಡೆಯ ಮೇಲೆ ಕೂತು ಕಾಲುಗಳನ್ನು ಒಳಗೆ ಇಳಿಬಿಟ್ಟು, ಕೆಳಗಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುತ್ತಾನೆ. ಮನೆಗೆ ಬಂದವರಿಗೆ ಕಾಣುವುದು ಸೊಂಟದ ಮೇಲಿನ ಮನುಷ್ಯ ಮಾತ್ರ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಗ್ಗ. ಬೆಳಿಗ್ಗೆ ಅಪ್ಪ ಕೂಡುತ್ತಿದ್ದ. ಮಧ್ಯಾಹ್ನ ಅಪ್ಪ ಉಂಡು ಅಡ್ಡಾದಾಗ ನಾನು ಕೂಡುತ್ತಿದ್ದೆ. ಅವ್ವ ರಾಟಿಯ ಮುಂದೆ ಕೂತು ನೂಲು ಸುತ್ತಿ ಕೊಡುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳೇ ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಎರಡನ್ನೂ ಕೂಡಿಸುವ ಕೆಲಸವೂ ಅವ್ವನದೇ. ಆದರೆ ಕುಣಿಗೆ ಅವಳು ಇಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಗಂಡಸರ ಜಾಗ ಎಂದಾಗಿತ್ತು.

ಒಂದು ಬೆಳಿಗ್ಗೆ ಅಪ್ಪ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ರೊಟ್ಟಿ ತಿನ್ನಲು ಕೂತವನು ಗೋಡೆಗೆ ಒರಗಿದ. ದಣಿವಾಗಿದೆ ಎಂದುಕೊಂಡೆವು. ಅವ್ವ ನೀರು ತರುವಷ್ಟರಲ್ಲಿ ಮುಗಿದಿತ್ತು. ಮಗ್ಗದ ಮೇಲೆ ಅವನು ಅರ್ಧ ನೇಯ್ದ ಸೀರೆ ಇತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹುಗಿಯುವುದೂ ಇಲ್ಲ. ಕೂಡಿಸಿ ಮಣ್ಣು ಕೊಡುತ್ತೇವೆ. ಅಗೆಯುವ ಮೊದಲು ಸತ್ತವರ ಪಾದದ ಅಳತೆಯಿಂದ ಜಾಗ ಗುರುತು ಮಾಡಬೇಕು. ಅದಕ್ಕಾಗಿ ಹೆಣದ ಪಾದಕ್ಕೆ ದಾರ ಹಿಡಿದು ಅಳತೆ ಒಯ್ಯುತ್ತಾರೆ. ಅಂದಿನ ಗದ್ದಲದಲ್ಲಿ ದಾರ ಹಿಡಿಯುವುದನ್ನೇ ಮರೆತರು. ಮಣ್ಣು ಕೊಡುವ ದೂರದ ಹೊಲಕ್ಕೆ ಹೋದ ಮೇಲೆ ನೆನಪಾಯಿತು. ಅಗೆಯಲು ಬಂದಿದ್ದ ಹಿರಿಯರೊಬ್ಬರು ನನ್ನ ಕಾಲು ನೋಡಿದರು.

"ತಮ್ಮಾ, ಒಂದ ಜೋಡ ಚಪ್ಪಲಿ ಅಪ್ಪ ಮಗ ಇಬ್ರೂ ಮೆಟ್ಟತಿದ್ರಿ ಹೌದಲ್ಲೋ? ಬಾ ಇಲ್ಲೆ. ನೀನ ಅಳದು ಕೊಡು."

ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ನನಗೂ ಆ ಹೊತ್ತಿಗೆ ಕಾಣಲಿಲ್ಲ. ಹಿಮ್ಮಡಕ್ಕೆ ಹೆಬ್ಬೆರಳು ತಾಗಿಸಿ ಒಂದೊಂದೇ ಹೆಜ್ಜೆ ಇಟ್ಟೆ. ಅವರು ಎಣಿಸಿದರು, ಗುದ್ದಲಿಯಿಂದ ಗೆರೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ಅದೇ ಅಳತೆಯ ಕುಣಿಯಲ್ಲಿ ಅಪ್ಪನನ್ನು ಕೂಡಿಸಿದರು. ದಂಡೆಯ ಮೇಲೆ ನಿಂತು ಬಗ್ಗಿ ನೋಡಿದೆ. ಅವನ ತಲೆ ಕಂಡಿತು, ಭುಜ ಕಂಡಿತು, ಮುಂದಕ್ಕೆ ತುಸು ಬಾಗಿದ ಬೆನ್ನು ಕಂಡಿತು. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ನಾನು ನೋಡಿದ್ದ ನೋಟವೇ ಅದು. ಮಗ್ಗವೊಂದು ಇರಲಿಲ್ಲ, ಅಷ್ಟೇ. ಮೂರು ಹಿಡಿ ಮಣ್ಣು ಹಾಕು ಎಂದರು, ಹಾಕಿದೆ. ನನ್ನ ಕಾಲಿಗೆ ಅಳೆದ ಜಾಗದಲ್ಲಿ ನಾನೇ ಕೂತಿದ್ದೇನೆ, ಮೇಲಿಂದ ಯಾರೋ ಮಣ್ಣು ಹಾಕುತ್ತಿದ್ದಾರೆ ಎಂದು ಆಗ ಅನಿಸಿತು. ಬಾಯಲ್ಲಿ ಮಣ್ಣಿನ ರುಚಿ ಬಂತು. ಸುಳ್ಳಲ್ಲ, ಖರೆ ಬಂತು.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಆದ್ದರಿಂದ ಮಗ್ಗ ನಿಲ್ಲಿಸಲು ನನಗೆ ನೆವವೂ ಇರಲಿಲ್ಲ. ನಾಲ್ಕನೇ ದಿನ ಅವ್ವ ಕಸ ಗುಡಿಸಿ, ಮಗ್ಗಕ್ಕೆ ವಿಭೂತಿ ಹಚ್ಚಿ, "ಕುಂಡ್ರು" ಎಂದಳು. ಕೂತು ಕಾಲು ಇಳಿಬಿಟ್ಟೆ. ಕುಣಿಯ ತಂಪು ಮೀನಖಂಡಕ್ಕೆ ತಾಗಿತು. ಅಂಗೈ ಬೆವೆತಿತು, ಎದೆ ಬಡಿದುಕೊಳ್ಳತೊಡಗಿತು. ಎರಡು ಸಲ ಲಾಳಿ ಎಸೆದು ಎದ್ದುಬಿಟ್ಟೆ.

"ಯಾಕ?" ಎಂದಳು ಅವ್ವ.

"ನೂಲ ಸುಮಾರ ಐತಿ. ಹರಿತೈತಿ."

ಮರುದಿನ ಎಳೆ ಬಡಿದು ಕೂಡಿಸುವ ಹಣಿಗೆ ಸರಿಯಿಲ್ಲ ಎಂದೆ. ಅದರ ಮರುದಿನ ಬೆಳಕು ಸಾಲದು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿತ್ತು ನನ್ನ ಕಥೆ. ಅವ್ವ ಗೊಣಗದೆ ಹೊಸ ನೂಲು ಸುತ್ತಿ ಕೊಟ್ಟಳು. ಗೋಡೆಯ ಬೆಳಕಿಂಡಿಯ ಜೇಡರ ಬಲೆಯನ್ನೂ ತೆಗೆದಳು.

ಹೆದರಿಕೆ ಎಂದರೆ ರಾತ್ರಿಯದು ಎನ್ನುತ್ತಾರೆ. ನನಗೆ ಬರುತ್ತಿದ್ದದ್ದು ಹಾಡುಹಗಲು ಮೂರಕ್ಕೆ, ಓಣಿಯ ಮಗ್ಗಗಳೆಲ್ಲ ಒಂದೇ ಸವನೆ ಸಪ್ಪಳ ಮಾಡುವಾಗ. ಮನೆಮನೆಯಲ್ಲೂ ಒಬ್ಬೊಬ್ಬ ಮನುಷ್ಯ ಸೊಂಟದ ತನಕ ನೆಲದೊಳಗೆ ಇಳಿದು ಕೂತಿದ್ದಾನೆ, ಇನ್ನರ್ಧ ಇಳಿಯುವುದಷ್ಟೇ ಬಾಕಿ ಎಂದು ಹೊಳೆದಾಗ ಮೈ ಜುಮ್ಮೆನ್ನುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ. ಇದು ಯಾತಕ್ಕೆ? ಅಪ್ಪ ಜೀವಮಾನವಿಡೀ ನೇಯ್ದ. ಆ ಸೀರೆಗಳೆಲ್ಲ ಎಲ್ಲಿ? ಯಾರೋ ಉಟ್ಟರು, ಹರಿಯಿತು, ಕೌದಿ ಹೊಲಿದರು, ಕೌದಿಯೂ ಹರಿಯಿತು. ನಾನು ನೇಯುವುದೂ ಅಷ್ಟೇ. ಸಾಯುವುದು ಹೇಗೂ ಇದ್ದದ್ದೇ. ನಡುವೆ ಈ ಲಾಳಿ ಅತ್ತಿಂದಿತ್ತ, ಇತ್ತಿಂದತ್ತ ಓಡುವುದೇಕೆ? ಸಾವಿಗಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಹೆದರಿಸಿತು. ಸಾವಿಗೆ ನಾಲ್ಕು ಜನ ಸೇರುತ್ತಾರೆ, ಅಳುತ್ತಾರೆ. ಈ ಪ್ರಶ್ನೆಗೆ ಯಾರನ್ನು ಕರೆಯುವುದು?

ಎದೆಬಡಿತ ಕಂಡು ಅವ್ವ ಹುನಗುಂದದ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಎದೆಗೆ ನಳಿಗೆ ಇಟ್ಟು, ಕಣ್ಣು ಎಳೆದು, ನಾಲಿಗೆ ಚಾಚಿಸಿ ನೋಡಿ, "ಏನೂ ಆಗಿಲ್ಲವಾ ಇವಗ, ಗಟ್ಟಿಮುಟ್ಟ ಅದಾನ" ಎಂದರು. ಅವ್ವನ ಮುಖ ಅರಳಿತು. ನನಗೋ ಇನ್ನಷ್ಟು ದಿಗಿಲಾಯಿತು. ಏನಾದರೂ ಆಗಿದ್ದರೆ ಅದಕ್ಕೊಂದು ಗುಳಿಗೆ ಇರುತ್ತಿತ್ತು.

ಎಂಟು ದಿನ ಬದಲಾವಣೆಯಾಗಲಿ ಎಂದು ಬಾದಾಮಿಯಲ್ಲಿದ್ದ ಅಕ್ಕನ ಮನೆಗೆ ಕಳಿಸಿದರು. ಅಲ್ಲಿ ಹೊತ್ತು ಹೋಗದೆ ಕೆರೆಯ ಮೆಟ್ಟಿಲ ಮೇಲೆ ಕೂಡುತ್ತಿದ್ದೆ. ಪರ ಊರಿನವರು ಗುಡ್ಡದ ಗುಹೆಗಳನ್ನು ನೋಡಲು ಬರುವ ಊರು ಅದು. ನಾನು ನೋಡಿದ್ದು ಬಟ್ಟೆ ಒಗೆಯುವ ಹೆಂಗಸರನ್ನು. ಒಂದು ದಿನ ಒಬ್ಬಾಕೆ ಇಳಕಲ್ ಸೀರೆಯೊಂದನ್ನು ನೀರಿನಲ್ಲಿ ಅದ್ದಿ, ಸುರುಳಿ ಸುತ್ತಿ, ಎತ್ತಿ ಎತ್ತಿ ಕಲ್ಲಿಗೆ ಬಡಿದಳು. ದಡಿಯ ಬಣ್ಣ ಮಾಸಿತ್ತು. ಸೆರಗು ಎಳೆ ಎಳೆಯಾಗಿತ್ತು. ಅದು ಅಪ್ಪನ ಕೈಯದೇ ಇರಬಹುದು, ಇರಲಿಕ್ಕಿಲ್ಲ. ಎದ್ದು ಹೋಗಿ, "ಸಾವಕಾಶ ಬಡೀರಿ ಅಕ್ಕಾರ, ಯಾರೋ ನೇಯ್ದಾರ ಅದನ್ನ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ನಗುವುದು ಸರಿಯೇ. ಸೀರೆ ಒಗೆಯದೆ ಪೂಜೆ ಮಾಡುತ್ತಾರೆಯೇ?

ಕೆರೆಯ ಸುದ್ದಿ ಕಿವಿಗೆ ಬಿದ್ದ ಅಕ್ಕನ ಅತ್ತೆಗೆ ಇದು ಗಾಳಿ ಸೋಕಿದ್ದೇ ಎಂದು ಖಾತ್ರಿಯಾಯಿತು. ಶನಿವಾರ ಬಾಗಲಕೋಟೆಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ತುಳಸಿಗೇರಿಯ ಹನುಮಪ್ಪನ ಮುಂದೆ ನನ್ನನ್ನು ತಂದು ನಿಲ್ಲಿಸಿದರು. "ಏನ್ ಬೇಕೋ ಕೇಳ್ಕೋ, ಹೆದರಬ್ಯಾಡ" ಎಂದರು. ಕೈ ಮುಗಿದು ನಿಂತೆ. ಏನು ಕೇಳಬೇಕೆಂದೇ ಹೊಳೆಯಲಿಲ್ಲ. ಸಾಯಿಸಬೇಡ ಎನ್ನಲೇ? ಅದು ಆಗದ ಮಾತು. ಬದುಕುವುದು ಯಾತಕ್ಕೆ ಎಂದು ಹೇಳು ಎನ್ನಲೇ? ಹಿಂದಿನವರು ನೂಕುತ್ತಿದ್ದರು. ಏನೂ ಕೇಳದೆ ಹೊರಗೆ ಬಂದೆ.

ಊರಿಗೆ ಮರಳಿದವನು, ನೇಕಾರಿಕೆ ಬಿಟ್ಟು ಬೇರೆ ಕೆಲಸ ಹಿಡಿದರೆ ಎಲ್ಲ ಸರಿಯಾದೀತು ಎಂದು ಲೆಕ್ಕ ಹಾಕಿದೆ. ಇಳಕಲ್ಲಿನಲ್ಲಿ ಸೀರೆ ಬಿಟ್ಟರೆ ಕಲ್ಲು. ಸಾಲೆಯಲ್ಲಿ ಜೊತೆಗಿದ್ದ ಗೆಳೆಯ ಕಲ್ಲಿನ ಖಣಿಯಲ್ಲಿ ಕೂಲಿಯಾಳುಗಳ ಮೇಲೆ ಮುಕಾದಮನಾಗಿದ್ದ. ಅವನನ್ನು ಹುಡುಕಿಕೊಂಡು ಹೋದೆ. ದಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಊರನ್ನೇ ಹುಗಿಯುವಷ್ಟು ದೊಡ್ಡ ಕುಣಿ! ತಳದಲ್ಲಿ ಇರುವೆಗಳ ಹಾಗೆ ಜನ.

"ಇಳೀಲೇ, ಯಾಕ ನಿಂತಿ?" ಎಂದ ಗೆಳೆಯ.

"ಮತ್ತೊಮ್ಮೆ ಬರ್ತೇನಿ" ಎಂದು ತಿರುಗಿ ಬಂದುಬಿಟ್ಟೆ. ಮೊಳಕಾಲುದ್ದದ ಕುಣಿಗೆ ಹೆದರಿ ಓಡಿದವನು ಎಲ್ಲಿಗೆ ಬಂದು ನಿಂತಿದ್ದೆ ನೋಡಿ. ಈಗ ನಗು ಬರುತ್ತದೆ. ಆಗ ದಾರಿಯಲ್ಲಿ ಒಂದು ಜಾಲಿ ಗಿಡದ ಕೆಳಗೆ ಕೂತು ವಾಂತಿ ಮಾಡಿಕೊಂಡೆ.

ಅಷ್ಟು ಹೊತ್ತಿಗೆ ಮೂರು ವಾರ ಕಳೆದಿತ್ತು. ನೂಲು, ರೇಷ್ಮೆ ಕೊಟ್ಟು ನಮ್ಮಿಂದ ನೇಯಿಸುತ್ತಿದ್ದ ಸಾವಕಾರರು ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಮಗ್ಗದ ಮೇಲಿನ ಅರ್ಧ ಸೀರೆಯ ಮೇಲೆ ಧೂಳು ಕೂತದ್ದನ್ನು ನೋಡಿ ತಲೆ ಕೆರೆದುಕೊಂಡರು.

"ತಂಗೀ, ನಿನ್ನ ಮಗಗ ಆಗಲಿಲ್ಲಂದ್ರ ಆಗಲಿಲ್ಲಂತ ಹೇಳು. ಲಗ್ನದ ಸೀರಿ ಇದು, ಸೋಮವಾರ ಬೇಕು. ಹಣಗಿ ಸಮೇತ ಬಿಚ್ಚಿಕೊಂಡು ಹೋಗಿ ಇನ್ನೊಬ್ಬರ ಮಗ್ಗಕ್ಕ ಏರಸ್ತೇನಿ. ಆಮ್ಯಾಲ ನಿಮಗ ಕೆಲಸ ಕೊಡೂದೂ ನನ್ನ ಕೈಯಾಗ ಇರೂದಿಲ್ಲ ನೋಡು."

ಅವ್ವ ಸೆರಗು ಸರಿಪಡಿಸಿಕೊಂಡು ಇಷ್ಟೇ ಹೇಳಿದಳು: "ಅವರು ಹಿಡದ ಸೀರಿ ಇನ್ನೊಬ್ಬರ ಕೈಲೆ ಮುಗೀಬಾರದ್ರಿ."

ಹೇಳಿದ್ದು ಸಾವಕಾರರಿಗೆ, ನೋಡಿದ್ದು ನನ್ನ ಕಡೆಗೆ. ನಾನು ಚಾವಣಿ ನೋಡಿದೆ.

ಶನಿವಾರ ಬೆಳಿಗ್ಗೆ ಅವ್ವ ಇನ್ನೂ ನಾಲ್ಕು ದಿನ ಬೇಡಿಕೊಳ್ಳಲು ಸಾವಕಾರರ ಮನೆಗೆ ಹೋದಳು. ನಾನು ಒಬ್ಬನೇ ಉಳಿದೆ. ಕೂತು ನೋಡೋಣ ಎಂದು ದಂಡೆಗೆ ಬಂದೆ. ಒಳಗೆ ಬಗ್ಗಿ ನೋಡಿದಾಗ ಕುಣಿ ನನ್ನನ್ನೇ ಕಾಯುತ್ತಿದೆ ಎನಿಸಿತು. ಈ ಹೆದರಿಕೆಯ ಮೂಲವೇ ಇದು, ಇದನ್ನೇ ಇಲ್ಲವಾಗಿಸಿದರೆ? ಹಿತ್ತಲಲ್ಲಿ ಮಾಳಿಗೆಗೆ ಹಾಕಲು ತರಿಸಿದ್ದ ಮಣ್ಣಿನ ಗುಡ್ಡೆ ಇತ್ತು. ತುಳಿಯುವ ಹಲಗೆಗಳನ್ನು ಬಿಚ್ಚಿ ಮೇಲೆ ಎತ್ತಿಟ್ಟೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತಂದು ಸುರುವಿದೆ. ಎಷ್ಟು ಬುಟ್ಟಿಯೋ ತಿಳಿಯದು. ನೆಲದ ಸಮ ಬರುವ ತನಕ ನಿಲ್ಲಲಿಲ್ಲ. ತುಳಿದು ಗಟ್ಟಿ ಮಾಡಿದೆ, ನೀರು ಚಿಮುಕಿಸಿದೆ, ಅಂಗೈಯಿಂದ ಸವರಿ ನುಣುಪು ಮಾಡಿದೆ.

ಸವರುತ್ತಿದ್ದ ಕೈ ತಾನಾಗಿ ನಿಂತಿತು. ಮೊದಲ ಬುಟ್ಟಿ ಸುರಿಯುವ ಮುನ್ನ ನಾನು ಮೂರು ಹಿಡಿ ಮಣ್ಣನ್ನು ಕೈಯಿಂದ ಹಾಕಿದ್ದೆ. ಯಾರೂ ಹೇಳಿರಲಿಲ್ಲ. ಈಗ ಪಡಸಾಲೆಯಲ್ಲಿ, ಉಣ್ಣುವ ಮಲಗುವ ಜಾಗದಲ್ಲಿ, ಒದ್ದೆಯಾದ ಹೊಸ ಗೋರಿ ಇತ್ತು. ಅದರ ಮೇಲೆ ಅಪ್ಪನ ಅರ್ಧ ಸೀರೆ ಹಾಸಿಕೊಂಡಿತ್ತು. ಕುಣಿ ಇದ್ದಾಗ ಹೆದರಿಕೆಗೆ ಒಂದು ಜಾಗ ಇತ್ತು. ಮುಚ್ಚಿದ ಮೇಲೆ ಅದು ಇಡೀ ಮನೆಗೆ ಹಬ್ಬಿತು. ಗೋಡೆಗೆ ಬೆನ್ನು ಹಚ್ಚಿ ಕೂತೆ.

ಅವ್ವ ಬಂದಾಗ ಹಾಗೇ ಕೂತಿದ್ದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಏನ ಮಾಡಿದಿ?"

"ಮುಚ್ಚಿದೆ."

"ಅದು ಕಾಣತೈತಿ. ಯಾಕ?"

ಆಗ ಬಾಯಿ ಬಿಟ್ಟೆ. ಮೂರು ವಾರದಿಂದ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. "ಹೆದರಿಕಿ ಆಕ್ಕೈತಿ ಯವ್ವಾ. ಕಾಲ ಬಿಟ್ರ ಸಾಕು, ನನ್ನೂ ಹುಗ್ಯಾಕತ್ತಾರ ಅನಸತೈತಿ. ನೇಯ್ದು ಏನ್ ಮಾಡೂದು? ಅಪ್ಪ ಇಷ್ಟ ನೇಯ್ದ. ಏನಾತು?"

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಬಗ್ಗಿ ಆ ಒದ್ದೆ ಮಣ್ಣನ್ನು ಮುಟ್ಟಿ ನೋಡಿದಳು.

"ಏನಾತು ಅಂದ್ರ? ನೀ ಉಂಡು ಇಷ್ಟೆತ್ತರ ಆದಿ. ಅದಕ್ಕಿಂತ ಹೆಚ್ಚಿಂದು ನನಗೂ ಗೊತ್ತಿಲ್ಲಪಾ." ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಸಲಕಿ ಎಲ್ಲಿ ಇಟ್ಟಿ? ಬುಟ್ಟಿ ಹಿಡಿ."

ಅವಳೇ ಅಗೆದಳು. ನಾನು ಬುಟ್ಟಿ ಹೊತ್ತು ಹಿತ್ತಲಿಗೆ ಸುರಿದು ಬಂದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು. ತಳ ಸಮೀಪಿಸಿದಾಗ ಸಲಿಕೆ ಬದಿಗಿಟ್ಟು, ಒಳಗಿಳಿದು ಮಂಡಿಯೂರಿ, ಕೈಯಿಂದಲೇ ಮಣ್ಣು ಬಾಚತೊಡಗಿದಳು. ಹಳೆಯ ನೆಲ ಬಂಡೆಯ ಹಾಗೆ ಗಟ್ಟಿ. ಅದರಲ್ಲಿ ಹಲಗೆಗಳ ಹಿಂದೆ ಎರಡು ತಗ್ಗುಗಳಿದ್ದವು. ವರ್ಷಗಟ್ಟಲೆ ಅಪ್ಪನ ಹಿಮ್ಮಡ ಊರಿ ಸವೆದ ತಗ್ಗುಗಳು. ಅಲ್ಲಿ ಕುಳಿತ ಮಣ್ಣನ್ನು ಬೆರಳಿನಿಂದ ಕೆರೆದು, ಸೆರಗಿನಿಂದ ಒರೆಸಿದಳು. ಅಷ್ಟು ವರ್ಷ ಮನೆಯಲ್ಲಿದ್ದೂ ಅವನ್ನು ಅವಳು ನೋಡಿರಲಿಲ್ಲ ಎಂದು ಅವಳ ಮುಖ ನೋಡಿದಾಗ ನನಗೆ ತಿಳಿಯಿತು.

ಹಲಗೆ ಕಟ್ಟು ಎಂದಳು, ಕಟ್ಟಿದೆ. ಸೀರೆಯ ಧೂಳು ಜಾಡಿಸಿದಳು. ನಾನು ಇನ್ನು ನನ್ನ ಸರದಿ ಎಂದು ಗೋಡೆಯ ಕಡೆ ಸರಿಯುತ್ತಿರುವಾಗಲೇ ಅವಳು ತಾನೇ ದಂಡೆಯ ಮೇಲೆ ಕೂತು ಕಾಲು ಬಿಟ್ಟಳು. ಮದುವೆಗೆ ಮೊದಲು ತವರಿನಲ್ಲಿ ನಾಲ್ಕು ದಿನ ಲಾಳಿ ಎಸೆದಿದ್ದಳಂತೆ, ಅಷ್ಟೇ ವಿದ್ಯೆ. ಈಗ ಎಸೆದಳು. ಲಾಳಿ ಅರ್ಧಕ್ಕೆ ನಿಂತಿತು. ಎಳೆದು ತೆಗೆದು ಮತ್ತೆ ಎಸೆದಳು. ಅಡ್ಡ ಹಾಯುವ ಹೊಕ್ಕಿನ ಎಳೆ ಒಮ್ಮೆ ಸಡಿಲ, ಒಮ್ಮೆ ಬಿಗಿ. ಅಪ್ಪ ಕನ್ನಡಿಯ ಹಾಗೆ ನೇಯ್ದ ಬಟ್ಟೆಯ ಮುಂದೆ ಅವಳದು ಎಮ್ಮೆ ತುಳಿದ ಕೆಸರಿನ ಹಾಗೆ ಬೆಳೆಯತೊಡಗಿತು.

ಎರಡು ಬೆರಳಿನಷ್ಟಾಗುವ ತನಕ ಸುಮ್ಮನಿದ್ದೆ. ಮೂರು ಬೆರಳಾಯಿತು.

"ಯವ್ವಾ, ದಡಿ ಒಳಗ ಎಳ್ಯಾಕತ್ತೈತಿ."

"ಎಳೀಲಿ."

"ಹೊಕ್ಕ ಬಿಗಿ ಹಿಡೀಬ್ಯಾಡ. ಅಂಚಿನ ಎಳಿ ಹರಿತಾವು!"

"ನನಗ ಬಂದಂಗ ನೇಯ್ತೇನಿ. ನಿನಗ ಬೇಕಾಗಿಲ್ಲಲಾ?"

ಟಪ್ಪೆಂದು ದಡಿಯ ಎಳೆಯೊಂದು ಹರಿಯಿತು. ನನ್ನ ತಲೆಗೆ ಸಿಟ್ಟು ಏರಿತು. ಹೆತ್ತ ತಾಯಿ ಎನ್ನುವುದನ್ನೂ ನೋಡದೆ, "ಏಳ, ಏಳ ಮ್ಯಾಲ! ಅಪ್ಪನ ಸೀರಿ ಹಾಳ ಮಾಡಬ್ಯಾಡ!" ಎಂದು ಕೂಗಿ, ಅವಳು ಏಳುವ ಮೊದಲೇ ಪಕ್ಕದಲ್ಲಿ ತೂರಿಕೊಂಡು ಕುಣಿಯೊಳಗೆ ಕಾಲು ಬಿಟ್ಟೆ. ಹರಿದ ಎಳೆ ಹೊಸೆದು ಕೂಡಿಸಿದೆ. ಲಾಳಿ ಕೈಗೆ ತೆಗೆದುಕೊಂಡೆ. ನಾನು ಎಲ್ಲಿ ಕೂತಿದ್ದೇನೆ ಎಂಬುದು ಆಮೇಲೆ ತಿಳಿಯಿತು.

ತಿಳಿದ ಕೂಡಲೇ ಅದು ಬಂತು. ಅದೇ ತಂಪು, ಅದೇ ಎದೆಬಡಿತ, ಬಾಯಲ್ಲಿ ಅದೇ ಮಣ್ಣು. ಏಳಬೇಕೆಂದೆ. ಆದರೆ ಎದ್ದರೆ ಅವ್ವ ಮತ್ತೆ ಕೂಡುತ್ತಾಳೆ, ಅಂಚು ಮತ್ತೆ ಹರಿಯುತ್ತದೆ. ಒಂದು ಸಲ ಎಸೆದೆ. ಕಾಲು ಎಷ್ಟು ನಡುಗುತ್ತಿತ್ತೆಂದರೆ ಹಲಗೆಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಹೆದರಿಕೆ ಹೋದ ಮೇಲೆ ಕೆಲಸ ಹಿಡಿಯಬೇಕು ಎಂದುಕೊಂಡಿದ್ದೆ ಇಷ್ಟು ದಿನ. ಅದು ಹೋಗಲಿಲ್ಲ. ನಡುಗುವ ಕಾಲೂ ಹಲಗೆ ತುಳಿಯಬಲ್ಲದು ಎಂಬುದು ಆ ಮಧ್ಯಾಹ್ನವೇ ನನಗೆ ಗೊತ್ತಾದದ್ದು. ನೇಯ್ದು ಏನು ಮಾಡುವುದು ಎಂಬ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಅದು ಪಕ್ಕದಲ್ಲೇ ಕೂತಿತ್ತು, ನಾನು ಅಂಚು ನೋಡುತ್ತಿದ್ದೆ.

ಅವ್ವ ಬೇಡಿದ ನಾಲ್ಕು ದಿನ ಸಿಕ್ಕಿರಲಿಲ್ಲ, ಎರಡು ರಾತ್ರಿಯೂ ದೀಪ ಹಚ್ಚಿಕೊಂಡು ನೇಯ್ದೆ. ಸೋಮವಾರ ಸಾವಕಾರರೇ ಬಂದರು. ಸೆರಗಿನ ಕೊನೆಯ ಗೇಣು ಬಾಕಿ ಇತ್ತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾದರು. ಕತ್ತರಿಸಿ ಕೊಟ್ಟ ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದರು. ನಡುವಿನ ನಾಲ್ಕು ಬೆರಳಿನ ಜಾಗದಲ್ಲಿ ಅವರ ಕೈ ನಿಂತಿತು.

"ಇದ್ಯಾರ ಕೈ?"

"ನಂದ್ರೀ" ಎಂದಳು ಅವ್ವ.

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮಗ್ಗದ ಸುತ್ತಲಿನ ಹಸಿ ಮಣ್ಣು ನೋಡಿದರು. ಸೀರೆ ಮಡಿಸಿ ಅವ್ವನ ಕೈಗೇ ಇಟ್ಟರು. "ಇದು ಲಗ್ನಕ್ಕ ಬರೂದಿಲ್ಲ, ನೀನ ಉಡವಾ. ಲಗ್ನದವರಿಗೆ ಬ್ಯಾರೆ ನೋಡ್ತೇನಿ. ನಾಳೆ ಇನ್ನೊಂದು ಸೀರಿಗೆ ಹೊಸ ಹಾಸು ಕಳಸ್ತೇನಿ" ಎಂದು ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೂ ನಾನು ಕುಣಿಯಲ್ಲಿ ಕಾಲು ಬಿಟ್ಟುಕೊಂಡೇ ಕೂತಿದ್ದೆ. ಮುಂದೆ ಬರಿಯ ಮಗ್ಗ.

"ಅಂದು ಇಲ್ಲಿ ಕುಂತಾಗ ನಿನಗ ಹೆದರಿಕಿ ಬರಲಿಲ್ಲೇನ ಯವ್ವಾ?"

"ಬಂತು. ಎದಿ ಹಾರತಿತ್ತು."

"ಮತ್ತ ಯಾಕ ಕುಂತಿ? ನಾ ಇಳೀಲಿ ಅಂತನಾ?"

"ನಿನ್ನ ಸಲುವಾಗಿ ಏನಲ್ಲ ತಗೋ." ಅವಳು ರಾಟಿಯ ನೂಲು ಬಿಡಿಸುತ್ತಿದ್ದಳು. "ಇಷ್ಟ ವರ್ಷ ನಿಮ್ಮಪ್ಪ ಅಲ್ಲಿ ಕುಂತ. ನಾ ಬರೇ ಅವನ ಬೆನ್ನ ನೋಡಿದೆ. ಆ ತಗ್ಗಿನ್ಯಾಗ ಒಮ್ಮೆ ನನ್ನ ಕಾಲ ಇಟ್ಟು ನೋಡಬೇಕು ಅನಿಸ್ತು. ಹೆದರಿಕಿ ಅಂತ ಮ್ಯಾಲ ನಿಂತಿದ್ರ ಅದೂ ಸಿಗತಿದ್ದಿಲ್ಲ."

ತುಸು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಅವ್ವ ರಾಟಿ ಬಿಟ್ಟು ಎದ್ದು ಬಂದು, ನನ್ನ ಮಗ್ಗುಲಲ್ಲಿ ದಂಡೆಯ ಮೇಲೆ ಕೂತು, ಕಾಲುಗಳನ್ನು ಒಳಗೆ ಬಿಟ್ಟಳು. ಅವಳ ಕಾಲೂ ನಡುಗುತ್ತಿತ್ತು.